ನಡುಬೆರಳಿನಿಂದ ಮೊಣಕೈವರೆಗೆ

ಎಳ್ಳಮಾವಾಸ್ಯೆ ಮುಗಿದ ಐದನೆಯ ದಿನ, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ನಾನು ಇಂಡಿ ತಾಲ್ಲೂಕಿನ ಒಂದು ಲಿಂಬೆ ತೋಟದ ವಾಯವ್ಯ ಮೂಲೆಯಲ್ಲಿ ನಿಂತಿದ್ದೆ. ಎಡಗಾಲು ಒಬ್ಬರ ಹೊಲದಲ್ಲಿತ್ತು, ಬಲಗಾಲು ಇನ್ನೊಬ್ಬರ ಹೊಲದಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಆ ಎರಡು ಹೊಲಗಳ ತಕರಾರು ಇನ್ನೂ ಮುಗಿದಿಲ್ಲ. ವೇಳೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಅಳತೆ ಶುರು ಮಾಡುವಾಗ ಗಡಿಯಾರ ನೋಡಿ ಬರೆದಿಡುವುದು ನಮ್ಮ ಪದ್ಧತಿ.

ನಾನು ಭೂಮಾಪಕ, ಜನ ಸರ್ವೇಯರ್ ಎನ್ನುತ್ತಾರೆ. ಕೆಲಸ ಇಂಡಿಯಲ್ಲಿ, ಮನೆ ಸಿಂದಗಿಯಲ್ಲಿ, ಹುಟ್ಟಿದ್ದು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ. ಅಂದು ಹುಡುಕುತ್ತಿದ್ದುದು ಒಂದು ಬಾಂದುಕಲ್ಲು, ಅಂದರೆ ಎರಡು ಹೊಲಗಳ ಗಡಿ ತೋರಿಸಲು ಹಿಂದೆ ಸರ್ಕಾರ ನೆಟ್ಟ ಕಲ್ಲು. ನಕ್ಷೆಯ ಪ್ರಕಾರ ಅದು ಒಂದು ಲಿಂಬೆ ಗಿಡದ ಬುಡದಲ್ಲಿರಬೇಕಿತ್ತು. ಗಿಡದ ಟೊಂಗೆಗಳು ನೆಲಕ್ಕೆ ತಾಗಿದ್ದವು. ನನ್ನ ಜೊತೆಗಿದ್ದ ಬಾಂದು ಜವಾನ ಸಿದ್ರಾಮಪ್ಪನವರು ಕುಡುಗೋಲು ತೆಗೆದರು. ಟೇಪು ಹಿಡಿಯುವುದು, ಕಲ್ಲು ಹುಡುಕುವುದು ಅವರ ಕೆಲಸ. ನನಗಿಂತ ಹದಿನೈದು ವರ್ಷ ದೊಡ್ಡವರು. ತೋಟದ ಯಜಮಾನ ಅಡ್ಡ ಬಂದ.

"ಟೊಂಗಿ ಕಡೀಬ್ಯಾಡ್ರಿ. ಕಾಯಿ ಹಿಡದ ಗಿಡ ಐತಿ."

"ಹಂಗಾರ ಕಲ್ಲ ಹೆಂಗ ನೋಡೂದು? ಗಿಡಕ್ಕ ಕೇಳೂನೇನು?" ಎಂದರು ಸಿದ್ರಾಮಪ್ಪ.

ಕಲ್ಲಿನ ಮೇಲಿನ ಗುರುತನ್ನು ಅಳೆಯುವವನೇ ಮುಟ್ಟಿ ನೋಡಬೇಕು ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನಾನು ಮೊಣಕಾಲೂರಿ ಬಲಗೈಯನ್ನು ಟೊಂಗೆಗಳ ಕೆಳಗೆ ತೂರಿಸಿದೆ. ಕಲ್ಲು ಸಿಕ್ಕಿತು. ಕೈ ಹೊರಗೆ ಎಳೆದುಕೊಳ್ಳುವಾಗ ನಡುಬೆರಳಿನ ಬುಡದಲ್ಲಿ, ಗಿಣ್ಣಿನ ಮೇಲೆ, ಒಂದು ಮುಳ್ಳು ಚುಚ್ಚಿ ಮುರಿಯಿತು. ಸಿದ್ರಾಮಪ್ಪನವರು ಅದೇ ಗಿಡದ ಇನ್ನೊಂದು ಮುಳ್ಳು ಮುರಿದು, ಅಂಗಿಯ ತುದಿಗೆ ಒರೆಸಿ, ಒಳಗಿದ್ದ ಚೂರನ್ನು ಎಬ್ಬಿಸಿ ತೆಗೆದರು. ನಮ್ಮ ಕಡೆ ಎಲ್ಲರೂ ಹಾಗೆಯೇ ತೆಗೆಯುತ್ತಾರೆ. ಒಂದು ಹನಿ ರಕ್ತ ಬಂತು. ನಿಲ್ಲಲೆಂದು ಅದರ ಮೇಲೆ ಹೊಲದ ಮಣ್ಣು ಒತ್ತಿದೆ. ಅದೂ ಎಲ್ಲರೂ ಮಾಡುವುದೇ.

ಇಪ್ಪತ್ತೆರಡು ದಿನಗಳ ನಂತರ ಅದೇ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಿಸಿತು. ನೋವಿರಲಿಲ್ಲ. ನೋಯದ್ದನ್ನು ನಾನು ರೋಗವೆಂದು ಎಣಿಸಲಿಲ್ಲ. ಅದು ನಿಧಾನವಾಗಿ ಕೆಂಪಾಗಿ, ಮೇಲೆ ಹಕ್ಕಳೆ ಕಟ್ಟಿ, ಹಕ್ಕಳೆ ಬಿದ್ದು ಹುಣ್ಣಾಯಿತು. ಇಂಡಿಯಲ್ಲಿ ಒಬ್ಬ ವೈದ್ಯರು ಐದು ದಿನದ ಗುಳಿಗೆ ಕೊಟ್ಟರು, ಮತ್ತೆ ಏಳು ದಿನದ್ದು ಕೊಟ್ಟರು. ಹುಣ್ಣು ಅಷ್ಟೇ ಇತ್ತು. ಆಮೇಲೆ ಮುಂಗೈ ಮೇಲೆ ಎರಡನೆಯ ಗಂಟು ಬಂತು. ಮಣಿಕಟ್ಟಿನ ಹತ್ತಿರ ಮೂರನೆಯದು. ಯುಗಾದಿಯ ಹೊತ್ತಿಗೆ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ನಾಲ್ಕನೆಯದು.

ನನಗೆ ಅಳೆಯುವುದು ಬಿಟ್ಟು ಬೇರೆ ವಿದ್ಯೆ ಇಲ್ಲ. ಸ್ಕೇಲು ಹಿಡಿದು ಅಳೆದೆ. ಒಂದನೆಯದರಿಂದ ಎರಡನೆಯದಕ್ಕೆ ನಾಲ್ಕೂವರೆ ಸೆಂಟಿಮೀಟರ್, ಅಲ್ಲಿಂದ ಮೂರನೆಯದಕ್ಕೆ ಆರು, ಅಲ್ಲಿಂದ ನಾಲ್ಕನೆಯದಕ್ಕೆ ಹದಿನಾಲ್ಕು. ಬೆರಳು ಒತ್ತಿ ನೋಡಿದರೆ ಗಂಟಿನಿಂದ ಗಂಟಿಗೆ ಚರ್ಮದ ಅಡಿಯಲ್ಲಿ ಒಂದು ಹುರಿ ಸಿಗುತ್ತಿತ್ತು. ಡೈರಿಯಲ್ಲಿ ಕೈಯ ಚಿತ್ರ ಬರೆದು ಎಲ್ಲವನ್ನೂ ಗುರುತಿಸಿದೆ. ನನ್ನ ಹೆಂಡತಿ ಸುಜಾತಾ ಸಿಂದಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳು ಡೈರಿ ನೋಡಿದಳು.

"ರೀ, ನಕ್ಷಿ ಹೊಲದ್ದು ತಗಿಯೂದು ಬಿಟ್ಟು ಕೈದು ತಗಿಯಾಕ ಹತ್ತೀರೇನು?"

"ಸುಮ್ನ ಬರದಿಟ್ಟೇನಿ."

"ಬರದದ್ದು ಡಾಕ್ಟರಿಗೆ ತೋರಸ್ರಿ. ನನಗ ತೋರಿಸಿದ್ರ ನಾ ಮಾರ್ಕ್ಸ್ ಕೊಡಬಹುದು ಅಷ್ಟ."

ತೋರಿಸಲಿಲ್ಲ. ವೈದ್ಯರ ಮುಂದೆ ನಾನೇ ಬರೆದ ಕೈಯ ನಕ್ಷೆ ಹಿಡಿಯಲು ನಾಚಿಕೆಯಾಯಿತು. ಈಗ ಅನ್ನಿಸುತ್ತದೆ, ಅಂದು ಆ ಹಾಳೆ ಮುಂದಿಟ್ಟಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತೇನೋ. ವಿಜಯಪುರದಲ್ಲಿ ತೋರಿಸಿದ ಎರಡನೆಯ ವೈದ್ಯರು ಹುಣ್ಣಿನ ಅಂಚಿನಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿ ಕ್ಷಯದಂತೆ ಕಾಣುತ್ತದೆ ಎಂದಿತ್ತು. "ಟಿಬಿ ಬರೀ ಎದಿಗೆ ಬರ್ತೈತಿ ಅಂತಿಲ್ಲ, ಚರ್ಮಕ್ಕೂ ಬರ್ತೈತಿ," ಎಂದು ತಾಳ್ಮೆಯಿಂದ ತಿಳಿಸಿ ಗುಳಿಗೆ ಶುರು ಮಾಡಿದರು. ಅವರ ಮೇಲೆ ನನಗೆ ದೂರಿಲ್ಲ. ನಮ್ಮ ಒಣ ಸೀಮೆಯಲ್ಲಿ ಅವರು ದಿನಕ್ಕೆ ಹತ್ತು ಸಲ ನೋಡುವ ರೋಗ ಅದು. ನನ್ನದನ್ನು ಅವರು ಕಂಡೇ ಇರಲಿಲ್ಲ.

ನಾಲ್ಕು ತಿಂಗಳು ಆ ಗುಳಿಗೆ ನುಂಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹಸಿವು ಹೋಯಿತು. ಗಂಟುಗಳು ಹೋಗಲಿಲ್ಲ, ಮಣಿಕಟ್ಟಿನದು ಬಾಯಿ ಬಿಟ್ಟಿತು. ಕೈಗೆ ಬಟ್ಟೆ ಸುತ್ತಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಒಂದು ದಿನ ಎಲ್ಲರಿಗೂ ಗಾಜಿನ ಲೋಟದಲ್ಲಿ ಚಹಾ ಬಂತು, ನನಗೆ ಕಾಗದದ ಕಪ್ಪಿನಲ್ಲಿ. ದೊಡ್ಡ ರೋಗ ಇರಬೇಕು ಎಂದು, ಅಂದರೆ ಕುಷ್ಠವೆಂದು, ಹಿಂದೆ ಮಾತಾಡಿಕೊಂಡಿದ್ದರಂತೆ. ನಮ್ಮ ಮನೆತನಕ್ಕೆ ಬೇರೆ ಲೋಟ ಹೊಸದಲ್ಲ. ನಮ್ಮಜ್ಜ ಹೋಟೆಲಿನ ಹೊರಗೆ ಗೂಟಕ್ಕೆ ತೂಗುಹಾಕಿದ ಬಟ್ಟಲಲ್ಲಿ ಕುಡಿದವನು; ನಮ್ಮಪ್ಪನ ಕಾಲಕ್ಕೆ ನಾವು ಬೌದ್ಧರಾದೆವು. ಈ ಕಪ್ಪು ಕೈಯ ಕಾರಣಕ್ಕೆ ಬಂದದ್ದು, ಆ ಕಾರಣಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಎರಡರ ನಡುವಿನ ಗಡಿ ಎಲ್ಲಿದೆ ಎಂದು ನನಗೆ ಅಳೆಯಲು ಬರಲಿಲ್ಲ. ಸಿದ್ರಾಮಪ್ಪನವರು ತಮ್ಮ ಗಾಜಿನ ಲೋಟ ನನ್ನ ಮುಂದೆ ಸರಿಸಿ ನನ್ನ ಕಪ್ಪಿನಲ್ಲಿ ತಾವು ಕುಡಿದರು. "ಕಾಗದದಾಗ ಚಾ ಜಲ್ದಿ ಆರತೈತ್ರಿ, ನನಗ ಬಿಸಿ ಸೇರಂಗಿಲ್ಲ," ಎಂದರು. ಅವರು ಬಾಯಿ ಸುಡುವ ಚಹಾ ಕುಡಿಯುವುದನ್ನು ನಾನು ಹನ್ನೊಂದು ವರ್ಷದಿಂದ ನೋಡಿದ್ದೇನೆ.

ನಾಗರ ಪಂಚಮಿ ಎದುರಿಗಿದ್ದಾಗ ದೊಡ್ಡವ್ವ ಸಿಂದಗಿಗೆ ಬಂದಳು. ನಮ್ಮವ್ವನ ಅಕ್ಕ; ಇರುವುದು ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅವ್ವ ತೀರಿದ ಮೇಲೆ ನನಗೆ ಅವ್ವನ ಜಾಗದಲ್ಲಿ ಇರುವವಳು. ಚೀಲ ಇಳಿಸುವ ಮೊದಲೇ ನನ್ನ ಕೈ ಹಿಡಿದು ಬಟ್ಟೆ ಬಿಚ್ಚಿಸಿದಳು. ಬೆರಳಿನಿಂದ ಮೊಣಕೈವರೆಗೆ ಹೆಬ್ಬೆರಳು ಒತ್ತುತ್ತ ಬಂದು ಹುರಿಯ ಮೇಲೆ ನಿಂತಳು.

"ಪ್ರಕಾಸ, ಇದು ನಾರು."

ನಾರು ಎಂದರೆ ಈಗಿನವರಿಗೆ ತಿಳಿಯುವುದಿಲ್ಲ. ಕುಡಿಯುವ ನೀರಿನಿಂದ ಹೊಟ್ಟೆಗೆ ಹೋಗಿ, ವರ್ಷದ ಮೇಲೆ ಕಾಲಿನಲ್ಲಿ ಹುಣ್ಣು ಮಾಡಿ, ದಾರದಂತೆ ಹೊರಬರುತ್ತಿದ್ದ ಹುಳು. ಹಿಂದೆ ಈ ಭಾಗದ ಹಳ್ಳಿಗಳಲ್ಲಿ ಮನೆಗೊಬ್ಬರಿಗೆ ಆಗುತ್ತಿತ್ತು. ಈಗ ದೇಶದಲ್ಲೇ ಇಲ್ಲ. ನಾನು ಅದನ್ನೇ ಹೇಳಿದೆ.

"ದೊಡ್ಡವ್ವಾ, ನಾರು ಹೋಗಿ ಎಷ್ಟೋ ವರ್ಷ ಆತು."

"ಯಾರು ಹೇಳ್ಯಾರ?"

"ಸರ್ಕಾರ ಹೇಳೈತಿ."

"ಸರ್ಕಾರದ ಕಾಲಾಗ ಬಂದಿತ್ತೇನು ನಾರು? ನನ್ನ ಕಾಲಾಗ ಬಂದಿತ್ತು." ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಣಕಾಲಿನ ಮೂರು ಬಿಳಿ ಕಲೆಗಳನ್ನು ತೋರಿಸಿದಳು. "ಮ್ಯಾಲಿನ ಓಣಿ ಬಾವಿ ನಾವು ಮುಟ್ಟಾಂಗಿರಲಿಲ್ಲ. ಹೊಂಡದ ನೀರ ಕುಡದೀವಿ. ಹತ್ತು ವರ್ಷದಾಕಿ ಇದ್ದೆ. ನಮ್ಮವ್ವ ಕಡ್ಡಿಗಿ ಸುತ್ತಿ ದಿನಾ ಎರಡ ಬೆರಳಷ್ಟ ಎಳದು ತಗದ್ಲು. ಹರದ್ರ ಕಾಲ ಹೋಕ್ಕೈತಿ. ಹರೀಲಿಲ್ಲ, ಕಾಲ ಉಳೀತು."

ಮೂರು ದಿನ ಬೇಡವೆಂದೆ. ನಾಲ್ಕನೆಯ ದಿನ ಒಪ್ಪಿದೆ. ಇದನ್ನು ಬರೆಯಲು ಹಿಂಜರಿಕೆ ಇದೆ. ನಾನು ಓದಿದವನು. ಆದರೆ ಓದಿದವರ ಗುಳಿಗೆಯನ್ನು ನಾಲ್ಕು ತಿಂಗಳು ನುಂಗಿದ್ದೆ, ಮತ್ತು ಈ ಹೆಂಗಸು ಮಾತ್ರ ನನ್ನ ಕೈಯ ರೋಗಕ್ಕೆ ಅಳುಕದೆ ಒಂದು ಹೆಸರು ಹೇಳಿದ್ದಳು.

ಅಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದೆ. ಸುಜಾತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ಒಪ್ಪಿರಲಿಲ್ಲ, ಆದರೆ ಬಿಟ್ಟು ಹೋಗಲೂ ಇಲ್ಲ. ನನ್ನನ್ನು ನೋಡಲೆಂದು ಇಂಡಿಯಿಂದ ಬಂದಿದ್ದ ಸಿದ್ರಾಮಪ್ಪನವರು ಕುರ್ಚಿಯಲ್ಲಿದ್ದರು. ದೊಡ್ಡವ್ವ ಮಣಿಕಟ್ಟಿನ ಹುಣ್ಣಿನ ಮೇಲೆ ತಣ್ಣೀರು ಸುರಿದಳು. ನೀರು ಕಂಡರೆ ನಾರು ತಲೆ ಹೊರಗೆ ಹಾಕುತ್ತದಂತೆ. ಹುಣ್ಣಿನ ಬಾಯಲ್ಲಿ ಬೆಳ್ಳಗೆ ಒಂದು ಎಳೆ ಕಂಡಿತು. ನಾನೂ ಕಂಡೆ. ಎಲ್ಲರೂ ಕಂಡೆವು. ಅವಳು ಕಸಬರಿಗೆಯ ಕಡ್ಡಿಯ ಸೀಳಿಗೆ ಅದನ್ನು ಸಿಕ್ಕಿಸಿ ಸುತ್ತಿದಳು. ಒಂದು ಸುತ್ತು. ಎರಡು ಸುತ್ತು. ಮೂರನೆಯ ಸುತ್ತಿಗೆ ನನ್ನ ಬಾಯಿಂದ ಬಂದ ಕೂಗು ನನ್ನದೆಂದು ಗೊತ್ತಾಗಲಿಲ್ಲ. ಕಡ್ಡಿಯ ಜೊತೆಗೆ ಬಂದದ್ದು ಹುಳುವಲ್ಲ, ನನ್ನ ಮಾಂಸ. ಎಳೆದಂತೆ ರಕ್ತ ಬಂತು, ಕೀವು ಬಂತು. ಆಮೇಲಿನದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಸಿದ್ರಾಮಪ್ಪ ನನ್ನ ಮೊಣಕೈ ಬಿಗಿಹಿಡಿದಿದ್ದರು. ದೊಡ್ಡವ್ವ ಕಡ್ಡಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ಇದು ನಾರಲ್ಲೋ ಯಪ್ಪಾ," ಎಂದಳು. "ಇದು ನಾರಲ್ಲ."

ಎರಡು ದಿನಕ್ಕೆ ಕೈ ಊದಿತು, ಜ್ವರ ಬಂತು. ವಿಜಯಪುರದಲ್ಲಿ ಒಬ್ಬ ಸರ್ಜನ್ ಕೀವು ತೆಗೆದು, ಎಕ್ಸ್‌ರೇ ನೋಡಿ, ನಡುಬೆರಳಿನ ಬುಡದಲ್ಲಿ ಮಬ್ಬಾಗಿ ಕಾಣುವ ಒಂದು ಜಾಗ ತೋರಿಸಿದರು. ರೋಗ ಎಲುಬಿಗೆ ಇಳಿದಿದ್ದರೆ ನಡುಬೆರಳು, ಉಂಗುರಬೆರಳು ಎರಡನ್ನೂ ತೆಗೆಯಬೇಕಾಗಬಹುದು ಎಂದರು. ಅವಸರ ಮಾಡುವ ಮನುಷ್ಯ ಅವರಲ್ಲ. ಕತ್ತರಿಸುವ ಮೊದಲು ಚರ್ಮದ ವೈದ್ಯರೊಬ್ಬರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ನಾನು ಬಲಗೈಯವನು. ಪೆನ್ಸಿಲ್ ಹಿಡಿಯುವಾಗ ಅದರ ಕೆಳಗೆ ಆಧಾರವಾಗಿ ನಿಲ್ಲುವುದು ನಡುಬೆರಳು. ಅದನ್ನು ನಾನು ಅಂದು ಬಸ್ಸಿನಲ್ಲಿ ಕೂತು ಗಾಳಿಯಲ್ಲಿ ಗೆರೆ ಎಳೆದು ಎಳೆದು ಕಂಡುಕೊಂಡೆ. ಆ ಬೆರಳಿಲ್ಲದೆ ನಕ್ಷೆ ಇಲ್ಲ, ನಕ್ಷೆ ಇಲ್ಲದೆ ನನ್ನ ಕೆಲಸ ಇಲ್ಲ.

ಚರ್ಮದ ವೈದ್ಯರಲ್ಲಿಗೆ ದೊಡ್ಡವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಬೇಡವೆಂದರೆ ಹೊಸ್ತಿಲ ಮೇಲೆ ಕೂತಳು. ಕಡ್ಡಿಯ ವಿಷಯ ಹೊರಗೆ ಹೇಳಬಾರದೆಂದು ನಾನೂ ಸುಜಾತಾಳೂ ಮಾತಾಡಿಕೊಂಡಿದ್ದೆವು. ಕಾಯುವ ಕೋಣೆಯಲ್ಲಿ ನಮ್ಮ ಟೋಕನ್ ಮೂವತ್ತೊಂದು. ಪಕ್ಕದಲ್ಲಿ ಚಡಚಣದ ಕಡೆಯ ದ್ರಾಕ್ಷಿ ತೋಟದವನೊಬ್ಬ ಸೊಂಟ ಕೆರೆದುಕೊಳ್ಳುತ್ತ ಕೂತಿದ್ದ.

"ನಿಮಗೇನಾಗೈತ್ರಿ?" ಎಂದು ಕೇಳಿದ.

"ಗೊತ್ತಿಲ್ರಿ."

"ನನಗ ಹುಳಕಡ್ಡಿ. ಎರಡ ವರ್ಷ ಆತು, ಹೋಗತೈತಿ, ಬರತೈತಿ. ಆದ್ರ ಹೆಸರರ ಐತಿ ನೋಡ್ರಿ ನಂದಕ್ಕ."

ಅವನ ಮೇಲೆ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ವೈದ್ಯೆ ಬಾಗಲಕೋಟೆ ಕಡೆಯವರು, ಮೂವತ್ತೈದರ ಆಸುಪಾಸು. ಹೆಸರು ಬರೆಯಬೇಡಿ ಎಂದಿದ್ದಾರೆ. ಹಳೆಯ ವರದಿಗಳನ್ನೆಲ್ಲ ಓದಿ, ಕೈಯಲ್ಲಿ ಇಷ್ಟು ದೊಡ್ಡ ಹೊಸ ಗಾಯ ಹೇಗಾಯಿತು ಎಂದು ಕೇಳಿದರು. ನಾನು ಬಾಗಿಲಿಗೆ ತಾಗಿತು ಎಂದೆ. ದೊಡ್ಡವ್ವ ಸ್ಟೂಲಿನಿಂದ ಎದ್ದಳು.

"ಸುಳ್ಳ ಹೇಳಾಕತ್ತಾನ್ರಿ ಬಾಯಾರ. ನಾ ಎಳದೇನಿ. ನಾರು ಅಂತ ತಿಳಕೊಂಡು ಕಡ್ಡಿಗಿ ಸುತ್ತಿ ಎಳದೇನಿ. ತಪ್ಪ ನಂದು."

ವೈದ್ಯೆ ಪೆನ್ನು ಕೆಳಗಿಟ್ಟರು. "ನಾರು ಅಂತ ಯಾಕ ಅನಿಸ್ತು ಅಮ್ಮಾ ನಿಮಗ?"

"ಚರ್ಮದ ಕೆಳಗ ಹುರಿ ಸಿಗತೈತಿ, ನೋಡ್ರಿ, ಇಲ್ಲಿಂದ ಇಲ್ಲಿತನಕ. ನಾರು ಹಂಗ ಇರತೈತಿ. ಆದ್ರ ನಾರು ಒಂದ ಕಡೆ ಬಾಯಿ ತಗೀತೈತ್ರಿ. ಇದು ಹಾದಿ ಹಿಡದೈತಿ. ಬೆರಳಾಗ ಹೊಕ್ಕು, ಒಂದೊಂದ ಕಡೆ ಕುಂತು ಕುಂತು ಮ್ಯಾಲ ಹೊಂಟೈತಿ."

ವೈದ್ಯೆ ನನ್ನ ಕೈಯನ್ನು ದೀಪದ ಕೆಳಗೆ ಹಿಡಿದು, ಅವಳು ತೋರಿಸಿದ ದಾರಿಯಲ್ಲೇ ಬೆರಳು ಒತ್ತುತ್ತ ಹೋದರು. ಆಮೇಲೆ ಅಷ್ಟು ತಿಂಗಳಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು. "ಏನ್ ಕೆಲಸ ಮಾಡ್ತೀರಿ?" ಹೇಳಿದೆ. "ಮೊದಲನೇ ಗಂಟು ಬರೂಕಿಂತ ಮುಂಚೆ ಅಲ್ಲೇನರ ಚುಚ್ಚಿತ್ತೇನು?" ಲಿಂಬೆ ಮುಳ್ಳು, ವಾಯವ್ಯ ಮೂಲೆ, ಹನ್ನೊಂದಕ್ಕೆ ಹತ್ತು ನಿಮಿಷ, ಮಣ್ಣು ಒತ್ತಿದ್ದು, ಎಲ್ಲ ಹೇಳಿದೆ. ಸುಜಾತಾ ನನ್ನನ್ನು ಕೇಳದೆ ಚೀಲದಿಂದ ಡೈರಿ ತೆಗೆದು ಮೇಜಿನ ಮೇಲಿಟ್ಟಳು. ವೈದ್ಯೆ ಆ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು.

ಅವರು ಮೇಲಿನ ಓದಿಗೆ ಉತ್ತರದ ಗುಡ್ಡಗಾಡಿನ ಒಂದು ಊರಿನಲ್ಲಿದ್ದರಂತೆ. ಅಲ್ಲಿ ಹುಲ್ಲು ಕೊಯ್ಯುವವರಿಗೆ, ತೋಟದವರಿಗೆ ಇದು ಬರುತ್ತಿತ್ತು. ಮಣ್ಣಿನಲ್ಲಿ, ಮುಳ್ಳಿನಲ್ಲಿ ಇರುವ ಒಂದು ಬೂಷ್ಟು. ತೇವ ಹಿಡಿದ ರೊಟ್ಟಿಯ ಮೇಲೆ ಬರುವುದರ ದೂರದ ನೆಂಟ. "ಇಲ್ಲಿ ಬಂದ ಮ್ಯಾಲ ನಾ ಒಂದೂ ನೋಡಿಲ್ಲ. ಹಂಗಂತ ಈಗ ಹೌದು ಅಂತ ಹೇಳಂಗಿಲ್ಲ. ಹುಣ್ಣಿನ ಚೂರ ತಗದು ಬೆಳಸಿ ನೋಡಬೇಕು." ನಾವು ಏಳುವಾಗ ದೊಡ್ಡವ್ವನಿಗೆ ಹೇಳಿದರು: "ಅಮ್ಮಾ, ನೀವು ಎಳದದ್ದು ತಪ್ಪು. ಮತ್ತ ಯಾರಿಗೂ ಎಳೀಬ್ಯಾಡ್ರಿ. ಆದ್ರ ನೀವು ನೋಡಿದ್ದು ಖರೇ ಐತಿ."

ಬಸ್ ನಿಲ್ದಾಣದವರೆಗೆ ದೊಡ್ಡವ್ವ ನನ್ನ ಎಡಗೈ ಹಿಡಿದುಕೊಂಡೇ ನಡೆದಳು.

ಬೆಳೆಸಿ ನೋಡುವುದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟು ದಿನ ಎರಡು ಬೆರಳುಗಳು ನನ್ನವೋ ಅಲ್ಲವೋ ಗೊತ್ತಿಲ್ಲದೆ ಇದ್ದೆ. ಎಡಗೈಯಲ್ಲಿ ಬರೆಯುವುದನ್ನು ಕಲಿಯಲು ಕೂತೆ. ಸುಜಾತಾ ತನ್ನ ಶಾಲೆಯಿಂದ ನಾಲ್ಕು ಗೆರೆಯ ಕಾಪಿ ಪುಸ್ತಕ ತಂದುಕೊಟ್ಟಳು. ನನ್ನ ಅ ನೋಡಿ ಅವಳು, "ನಮ್ಮ ಒಂದನೇತ್ತೆ ಹುಡುಗುರು ಇದಕ್ಕಿಂತ ಚಲೋ ಬರೀತಾವು," ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಇಪ್ಪತ್ತನೆಯ ದಿನ ವೈದ್ಯೆ ಒಂದು ಗಾಜಿನ ನಳಿಕೆ ತೋರಿಸಿದರು. ಒಳಗೆ ಸುಕ್ಕುಸುಕ್ಕಾಗಿ, ಅಂಚಿಗೆ ಕಪ್ಪಾಗಿ ಏನೋ ಬೆಳೆದಿತ್ತು. ಸ್ಪೋರೋಟ್ರೈಕೋಸಿಸ್ ಎಂದರು. ಮೂರು ಸಲ ಹೇಳಿಸಿ ಬರೆದುಕೊಂಡೆ. ಹೆಸರು ಸಿಕ್ಕಿತೆಂದು ನನಗೆ ಆದ ಸಮಾಧಾನವನ್ನು ಹೇಗೆ ವಿವರಿಸಬೇಕೋ ತಿಳಿಯದು. ಅದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ; ಎಂಟು ಜನ ವಿದ್ಯಾರ್ಥಿಗಳು ಸಾಲಾಗಿ ಬಂದು ನನ್ನ ಕೈ ನೋಡಿದರು. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ ಎಂದು ವೈದ್ಯೆ ಅವರಿಗೆ ಹೇಳುವಾಗ, ಅದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ ಎಂದು ಕೇಳಿದೆ. ಬರೆದುಕೊಟ್ಟರು. ಕಚೇರಿಯಲ್ಲಿ ತೋರಿಸಬೇಕೆಂದಿದ್ದೆ. ತೋರಿಸಲಿಲ್ಲ. ಅದು ಇನ್ನೂ ಪಾಕೀಟಿನಲ್ಲಿದೆ.

ಬೂಷ್ಟನ್ನು ಕೊಲ್ಲುವ ಕ್ಯಾಪ್ಸೂಲು ಶುರುವಾಯಿತು, ಬೆರಳು ತೆಗೆಯುವ ಮಾತು ಮುಂದಕ್ಕೆ ಹೋಯಿತು. ಆರು ವಾರಕ್ಕೆ ಗಂಟುಗಳು ಕುಗ್ಗಿದವು, ಹತ್ತು ವಾರಕ್ಕೆ ಹುಣ್ಣುಗಳು ಮುಚ್ಚಿದವು. ಮುಚ್ಚಿದ ಮೇಲೂ ತೆಗೆದುಕೊಳ್ಳಬೇಕು ಎಂದಿದ್ದರು. ನಾನು ಮುಚ್ಚಿತು ಎಂದು ಬಿಟ್ಟೆ. ಹೊಲದ ಗಡಿ ಸಿಕ್ಕ ಮೇಲೆ ಯಾರೂ ಟೇಪು ಹಿಡಿದು ನಿಂತಿರುವುದಿಲ್ಲವಲ್ಲ. ಮೂರು ತಿಂಗಳಿಗೆ ಮಣಿಕಟ್ಟಿನಲ್ಲಿ ಗಂಟು ಮತ್ತೆ ಎದ್ದಿತು. ಈ ಸಲದ ತಪ್ಪು ಪೂರ್ತಿ ನನ್ನದೇ.

ಎರಡನೆಯ ಸಲ ನಿಯತ್ತಿನಿಂದ ನುಂಗಿದೆ. ಒಂದು ದಿನ ತಪ್ಪಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸುಜಾತಾ ಗುರುತು ಹಾಕುತ್ತಿದ್ದಳು. ಆದರೂ ಐದನೆಯ ತಿಂಗಳಿಗೆ, ಕ್ಯಾಪ್ಸೂಲು ನುಂಗುತ್ತಿರುವಾಗಲೇ, ನಡುಬೆರಳಿನ ಬುಡ ಮತ್ತೆ ಒಡೆಯಿತು. ಇದು ಮೊದಲಿನದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಔಷಧ ಬಿಟ್ಟು ಬಂದ ರೋಗಕ್ಕೆ ಕಾರಣ ಇರುತ್ತದೆ. ಔಷಧ ನುಂಗುವಾಗ ಬಂದದ್ದಕ್ಕೆ ಏನನ್ನುವುದು? ಹೊಸ ಎಕ್ಸ್‌ರೇ ತೆಗೆಸಿ ನೋಡಿದಾಗ ಗಿಣ್ಣಿನ ಅಂಚು ತುಸು ತಿಂದಂತಿತ್ತು. ಇನ್ನೊಂದು ಸಲ ಬಂದರೆ ಬೆರಳು ಉಳಿಸುವ ಮಾತು ಕೊಡಲಾರೆ ಎಂದರು ವೈದ್ಯೆ.

"ಬ್ಯಾರೆ ಏನರ ಔಷಧ ತಗೋತೀರೇನು?" ಹಿಂದೆಯೂ ಎರಡು ಸಲ ಕೇಳಿದ್ದರು.

"ಇಲ್ರಿ ಮೇಡಂ." ಹಿಂದೆಯೂ ಎರಡು ಸಲ ಹಾಗೆಯೇ ಹೇಳಿದ್ದೆ.

ಅವರು ನಂಬಿದರೋ ಇಲ್ಲವೋ. "ನಾಳೆ ಬರುವಾಗ ಮನ್ಯಾಗ ನೀವು ನುಂಗೂದೆಲ್ಲಾ ಒಂದು ಚೀಲದಾಗ ಹಾಕ್ಕೊಂಡು ಬರ್ರಿ. ಔಷಧ ಇರಲಿ ಬಿಡಲಿ."

ಮರುದಿನ ಸುಜಾತಾ ಚೀಲವನ್ನು ಮೇಜಿನ ಮೇಲೆ ಸುರಿದಳು. ಕ್ಯಾಪ್ಸೂಲು, ಅಜವಾನದ ಡಬ್ಬಿ, ತಲೆನೋವಿನ ಮುಲಾಮು, ಮತ್ತು ಗ್ಯಾಸಿನ ಗುಳಿಗೆಯ ಏಳು ಸ್ಟ್ರಿಪ್ಪುಗಳು. ವೈದ್ಯೆ ಅವುಗಳಲ್ಲಿ ಒಂದನ್ನು ಎತ್ತಿ ಹಿಡಿದರು.

"ಇದು?"

"ಅದು ಗ್ಯಾಸಿಂದ್ರಿ."

"ದಿನಾ ತಗೋತೀರಾ?"

"ದಿನಾ ಮುಂಜಾನೆ. ಎಲ್ಲಾರೂ ತಗೋತಾರಲ್ರಿ."

"ಮತ್ತ ಔಷಧ ಇಲ್ಲ ಅಂದ್ರಿ?"

"ಅದು ಔಷಧ ಅಲ್ಲಲ್ರಿ ಮೇಡಂ," ಎಂದೆ. "ಚಾ ಇದ್ದಂಗ."

ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಏಳೂ ಸ್ಟ್ರಿಪ್ಪುಗಳನ್ನು ಮೇಜಿನ ಅಂಚಿಗೆ ಸರಿಸಿದರು. ನಮ್ಮ ಕಡೆಯ ಊಟವೇ ಹಾಗೆ. ರೊಟ್ಟಿ, ಮೇಲೆ ಹಿಂಡಿ ಎನ್ನುವ ಕೆಂಪು ಖಾರದ ಚಟ್ನಿ, ಆಮೇಲೆ ಎದೆಯುರಿ. ಯಾವ ಗುಳಿಗೆ ಕೊಂಡರೂ ಅಂಗಡಿಯವರು ಅದರ ಜೊತೆ ಗ್ಯಾಸಿನದೊಂದು ಕೊಡುತ್ತಾರೆ. ಮನೆಗಳಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಇರುತ್ತದೆ. ನನ್ನ ಕ್ಯಾಪ್ಸೂಲು ಕರಗಿ ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಹುಳಿ ಬೇಕಂತೆ. ನಾನು ದಿನವೂ ಬೆಳಿಗ್ಗೆ ಗ್ಯಾಸಿನ ಗುಳಿಗೆಯಿಂದ ಆ ಹುಳಿಯನ್ನು ಅಡಗಿಸಿ, ಮಧ್ಯಾಹ್ನ ಕ್ಯಾಪ್ಸೂಲು ನುಂಗುತ್ತಿದ್ದೆ. ಐದು ತಿಂಗಳು ನುಂಗಿದ್ದರಲ್ಲಿ ಎಷ್ಟು ಮೈಗೆ ಹತ್ತಿತು, ಎಷ್ಟು ಸುಮ್ಮನೆ ಹೋಯಿತು, ಯಾರಿಗೂ ಗೊತ್ತಿಲ್ಲ. ಕ್ಯಾಲೆಂಡರಿನ ಒಂದೊಂದು ಗುರುತೂ ಸರಿಯಿತ್ತು.

ಮೂರನೆಯ ಸಲ ಒಂದು ವರ್ಷ ತೆಗೆದುಕೊಂಡೆ. ಗ್ಯಾಸಿನ ಗುಳಿಗೆ ಇಲ್ಲ, ಕ್ಯಾಪ್ಸೂಲು ತುಂಬಿದ ಊಟದ ಬೆನ್ನಿಗೆ. ಎದೆಯುರಿ ತಡೆಯಲು ಖಾರ ಬಿಟ್ಟೆ. ಮೊದಲ ತಿಂಗಳು ಗಮನಿಸಲಿಲ್ಲ. ಆಮೇಲೆ ನೋಡಿದರೆ ಸುಜಾತಾಳ ತಾಟಿನಲ್ಲೂ ಹಿಂಡಿ ಇರಲಿಲ್ಲ. ಕೇಳಿದರೆ, "ಒಬ್ಬಾಕಿ ಸಲುವಾಗಿ ಯಾರು ಕುಟ್ಟಬೇಕ್ರಿ?" ಎಂದಳು. ಪ್ರತಿ ತಿಂಗಳು ರಕ್ತ ಪರೀಕ್ಷೆ, ಪ್ರತಿ ತಿಂಗಳು ಅದೇ ಬೆಂಚು. ದ್ರಾಕ್ಷಿ ತೋಟದವನು ಇನ್ನೆರಡು ಸಲ ಸಿಕ್ಕ. ಹುಳಕಡ್ಡಿಯೂ ಒಂದು ಬೂಷ್ಟೇ ಅಂತೆ; ನನಗೂ ಬೂಷ್ಟೇ ಎಂದು ಹೇಳಿದೆ. "ಹಂಗಾರ ನಾವು ಬೀಗರಾದ್ವಿ," ಎಂದ.

ಔಷಧ ನಿಂತು ಈಗ ಹದಿನಾಲ್ಕು ತಿಂಗಳು. ಮರಳಿ ಬಂದಿಲ್ಲ. ಬರುವುದಿಲ್ಲ ಎಂದು ಬರೆಯಲಾರೆ. ಪ್ರತಿ ಭಾನುವಾರ ಬೆಳಕಿನಲ್ಲಿ ಕೈ ಹಿಡಿದು ಹೆಬ್ಬೆರಳು ಒತ್ತುತ್ತ ಮೊಣಕೈವರೆಗೆ ಹೋಗುತ್ತೇನೆ. ನಡುಬೆರಳು ಪೂರ್ತಿ ಮಡಚುವುದಿಲ್ಲ. ಪೆನ್ಸಿಲ್ಲನ್ನು ಸ್ವಲ್ಪ ಬೇರೆ ರೀತಿ ಹಿಡಿಯುತ್ತೇನೆ. ಗೆರೆ ನೆಟ್ಟಗೇ ಬರುತ್ತದೆ. ಟೊಂಗೆಯ ಕೆಳಗೆ ಕೈ ಹಾಕುವಾಗ ಚರ್ಮದ ಕೈಗವಸು ಹಾಕುತ್ತೇನೆ, ಕಲ್ಲು ಸಿಕ್ಕ ಮೇಲೆ ತೆಗೆಯುತ್ತೇನೆ. ಈ ಭಾಗದಲ್ಲಿ ಯಾರಿಗಾದರೂ ಮುಳ್ಳು ಚುಚ್ಚಿದ ಜಾಗದಿಂದ ಗಂಟುಗಳು ಸಾಲು ಹಿಡಿದು ಮೇಲೆ ಹೊರಟಿದ್ದರೆ, ಆ ಸಾಲನ್ನು ಬರೆದು ತೋರಿಸಿ, ನಾಚಿಕೆ ಬೇಡ. ನುಂಗುವುದನ್ನೆಲ್ಲ ಚೀಲದಲ್ಲಿ ಒಯ್ಯಿರಿ. ಇಷ್ಟು ಹೇಳುವುದಕ್ಕೇ ಇದನ್ನು ಬರೆಯಲು ಕೂತದ್ದು.

ಬರೆದು ಮುಗಿಸಿ ಹೋದ ತಿಂಗಳು ದೊಡ್ಡವ್ವನ ಊರಿಗೆ ಹೋಗಿ ಓದಿ ಹೇಳಿದೆ. ಈಗ ಅವಳಿಗೆ ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಕಡ್ಡಿಯ ಜಾಗ ಬಂದಾಗ ನಿಲ್ಲಿಸಿದೆ.

"ಇದನ್ನ ತಗೀಲೇನು ದೊಡ್ಡವ್ವಾ?"

"ಯಾಕ ತಗೀತಿ?"

"ಮಂದಿ ಏನಂದಾರು ನಿನಗ."

"ಅನ್ಲಿ ಬಿಡು. ಅದನ್ನ ತಗದಿ ಅಂದ್ರ ನಾಳೆ ಮತ್ತ ಯಾವಾಕ್ಯಾರ ಎಳೀತಾಳ." ನನ್ನ ಕೈಯಲ್ಲಿದ್ದ ಹಾಳೆಗಳನ್ನು ಬೆರಳಿನಿಂದ ತಟ್ಟಿದಳು. "ದೊಡ್ಡವ್ವ, ದೊಡ್ಡವ್ವ ಅಂತ ಬರದೀಯಲ್ಲ. ನನಗ ಹೆಸರಿಲ್ಲೇನು? ಹೆಸರ ಹಾಕು. ಕೇಳಿದ್ರ ಹೇಳಾಕ ಇನ್ನೂ ಅದೇನಿ."

ಹಾಗಾಗಿ ಬರೆಯುತ್ತೇನೆ. ಆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಸಿಂದಗಿಯ ನಮ್ಮ ಪಡಸಾಲೆಯಲ್ಲಿ ನಡೆದದ್ದನ್ನು ನನ್ನ ಹೊರತು ಕಂಡವರು ಮೂವರು. ಸಿದ್ರಾಮಪ್ಪ, ನಿವೃತ್ತರಾಗಿ ಇಂಡಿಯಲ್ಲಿದ್ದಾರೆ. ಸುಜಾತಾ, ನನ್ನ ಹೆಂಡತಿ, ಇದನ್ನು ಬರೆಯುವಾಗ ಪಕ್ಕದ ಕೋಣೆಯಲ್ಲಿ ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದಾಳೆ. ಮತ್ತು ಕಡ್ಡಿ ಹಿಡಿದಿದ್ದವಳು: ದುರ್ಗವ್ವ, ಎಂಬತ್ತು ದಾಟಿದ್ದಾಳೆ, ಮುದ್ದೇಬಿಹಾಳ ತಾಲ್ಲೂಕು. ಇದ್ದಾಳೆ.